ಮೇಪಲ್ ಸಿರಪ್: ಹಂಗಾಮು ಮುಗಿಸುವ ಶ್ರಮ

ಪ್ರಶ್ನೆ: ಕೆನಡಾದ ಕ್ವಿಬೆಕ್‌ನಲ್ಲೂ ಅಮೆರಿಕದ ವರ್ಮಾಂಟ್‌ನಲ್ಲೂ ಮೇಪಲ್ ಮರದ ರಸವನ್ನು ಕಾಯಿಸಿ ಸಿರಪ್ ತಯಾರಿಸುವ ಹಂಗಾಮು ಕೆಲವೇ ವಾರಗಳದ್ದೆಂದು ಓದಿದ್ದೇನೆ. ರಸ ನಿಂತೊಡನೆ ಕೆಲಸವೂ ಮುಗಿಯಬೇಕಲ್ಲವೇ? ಮುಗಿಸುವುದೇ ಕಷ್ಟವೆಂದು ಹೇಳುವುದೇಕೆ?

ಉತ್ತರ: ರಸ ಒಮ್ಮೆಲೇ ನಿಲ್ಲುವುದಿಲ್ಲ, ತೊಡಕು ಶುರುವಾಗುವುದೇ ಅಲ್ಲಿ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಸರದಿಯಂತೆ ಬಂದಾಗ ಮಾತ್ರ ಮರ ಧಾರಾಳವಾಗಿ ರಸ ಕೊಡುತ್ತದೆ. ರಾತ್ರಿಗಳೂ ಬೆಚ್ಚಗಾಗತೊಡಗಿದರೆ ಹರಿವು ತಗ್ಗುತ್ತದೆಯೇ ಹೊರತು ತೊಟ್ಟಿಕ್ಕುವುದು ತಪ್ಪುವುದಿಲ್ಲ. ಆದರೆ ಆ ರಸದಲ್ಲಿ ಸೂಕ್ಷ್ಮಾಣುಗಳು ಬೆಳೆದು ಅದು ಮಬ್ಬಾಗುತ್ತದೆ, ಸಿರಪ್ ಕಪ್ಪೇರುತ್ತದೆ. ಮೊಗ್ಗುಗಳು ಉಬ್ಬಿದ ಮೇಲಂತೂ ಸೋಸಿದರೂ ಹೋಗದ ಕೆಟ್ಟ ರುಚಿ ಸೇರಿಕೊಳ್ಳುತ್ತದೆ. ಸಕ್ಕರೆಯ ಅಂಶವೂ ಇಳಿಯುವುದುಂಟು: ಶೇ. 2ರಷ್ಟು ಸಕ್ಕರೆಯಿರುವ ರಸವಾದರೆ ಒಂದು ಲೀಟರ್ ಸಿರಪ್‌ಗೆ ಸುಮಾರು 43 ಲೀಟರ್ ಸಾಕು, ಶೇ. 1.5ಕ್ಕೆ ಇಳಿದರೆ 57 ಲೀಟರ್ ಬೇಕು. ಇನ್ನೊಂದು ದಿನ ನೋಡೋಣವೆಂಬ ಆಸೆಗೆ ಸೌದೆಯೂ ನಿದ್ದೆಯೂ ಖರ್ಚಾಗುವುದೇ ಹೆಚ್ಚು, ಆದ್ದರಿಂದ ಹನಿ ಬೀಳುತ್ತಿರುವಾಗಲೇ ನಿಲ್ಲಿಸುವವರೇ ಜಾಣರೆಂದು ನನ್ನ ಅಭಿಪ್ರಾಯ.

ನಿಲ್ಲಿಸಲು ತೀರ್ಮಾನಿಸಿದರೂ ಒಲೆಯನ್ನು ಆರಿಸಿ ಎದ್ದು ಹೋಗುವಂತಿಲ್ಲ. ಕುದಿಸುವ ಅಗಲ ಬಾಣಲೆಯ ಒಂದು ತುದಿಯಲ್ಲಿ ಹಸಿರಸವೂ ಇನ್ನೊಂದು ತುದಿಯಲ್ಲಿ ಬಹುಮಟ್ಟಿಗೆ ಪಾಕವಾದದ್ದೂ ಇರುತ್ತದೆ. ಹಿಂದಿನಿಂದ ರಸ ಬರುವುದು ನಿಂತರೆ ತಳ ಬರಿದಾಗಿ, ಕ್ಷಣಗಳಲ್ಲಿ ಸಿರಪ್ ಸೀದು, ಬಾಣಲೆಯೇ ಹಾಳಾಗಬಹುದು. ಅದಕ್ಕೆ ಕೆಲವರು ಹಿಂದಿನಿಂದ ನೀರು ಬಿಟ್ಟು ಸಿಹಿಯನ್ನು ಮುಂದಕ್ಕೆ ತಳ್ಳುತ್ತಾರೆ. ಉಳಿದದ್ದನ್ನು ಹೊರತೆಗೆದು ಚಿಕ್ಕ ಒಲೆಯ ಮೇಲೆ, ಆ ದಿನ ನೀರು ಕುದಿಯುವ ಮಟ್ಟಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೇರುವವರೆಗೆ, ಕಣ್ಣು ಕದಲಿಸದೆ ಕಾಯಿಸುತ್ತಾರೆ. ಆಮೇಲೆ ಬಾಣಲೆಯ ತಳದಲ್ಲಿ ಗಟ್ಟಿಯಾಗಿ ಅಂಟಿಕೊಂಡ ಮರಳಿನಂಥ ಪದರ ಕಾಣುತ್ತದೆ. ಬಹುಪಾಲು ಕ್ಯಾಲ್ಸಿಯಂ ಮ್ಯಾಲೇಟ್ ಎಂಬ ಲವಣವೇ ಆಗಿರುವ ಇದು ಬರಿಯ ನೀರಿಗೆ ಬಿಡುವುದಿಲ್ಲ, ತಂತಿಬ್ರಷ್ಷಿನಿಂದ ಉಜ್ಜಿದರೆ ಬಾಣಲೆಗೆ ಗೀರು ಬೀಳುತ್ತದೆ. ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಸುವುದು ಒಂದು ದಾರಿ. ಕಡೆಯ ರಸವನ್ನೇ ತುಂಬಿ ಹುಳಿಯಲು ಬಿಟ್ಟು, ಆ ಹುಳಿಯಿಂದ ಪದರ ಸಡಿಲವಾದ ಮೇಲೆ ತೊಳೆಯುವುದು ಹಳೆಯ ದಾರಿ. ಅದರ ನಾತ ಮಾತ್ರ ಸಹಿಸುವಂಥದ್ದಲ್ಲ.

ಕಾಡಿನಲ್ಲಿ ಕರಗುವ ಹಿಮ ಮತ್ತು ಕೆಸರಿನ ನಡುವೆ ಪ್ರತಿಯೊಂದು ಮರದ ಬಳಿಗೂ ಹೋಗಿ, ರಸ ಇಳಿಸಲು ಕಾಂಡಕ್ಕೆ ತೂತು ಕೊರೆದು ಸಿಕ್ಕಿಸಿದ ನಳಿಕೆಯನ್ನು ಕೈಯಿಂದಲೇ ಕೀಳಬೇಕು. ದೊಡ್ಡ ತೋಪುಗಳಲ್ಲಿ ಇಂಥವು ಸಾವಿರಾರು. ತೂತಿಗೆ ಬೆಣೆ ಹೊಡೆಯುವ ಅಗತ್ಯವಿಲ್ಲ, ಮರವೇ ಅದನ್ನು ಮುಚ್ಚಿಕೊಳ್ಳುತ್ತದೆ. ನಳಿಕೆಯನ್ನು ಬಿಟ್ಟರೆ ಗಾಯ ಮಾಯುವುದು ತಡವಾಗುತ್ತದೆ. ರಸ ಹಿಡಿಯುವ ಬಕೆಟ್ಟುಗಳನ್ನು ಕುದಿನೀರಿನಲ್ಲಿ ತೊಳೆದು ಒಣಗಿಸಿ ಕವುಚಿಟ್ಟರೆ ಸಾಕು. ಮರದಿಂದ ಮರಕ್ಕೆ ಎಳೆದ ಪ್ಲಾಸ್ಟಿಕ್ ಕೊಳವೆಗಳ ಒಳಗೆ ಉಳಿದ ರಸವನ್ನು ಹೊರಹಾಕುವುದು ಹೆಚ್ಚು ತ್ರಾಸದ ಕೆಲಸ. ಅವನ್ನು ತೊಳೆಯಲು ಬ್ಲೀಚ್ ದ್ರಾವಣ ಅಗ್ಗವೂ ಪರಿಣಾಮಕಾರಿಯೂ ಹೌದು, ಆದರೆ ಅದರಿಂದ ಉಳಿಯುವ ಉಪ್ಪಿನ ರುಚಿಗೆ ಅಳಿಲುಗಳು ಕೊಳವೆಗಳನ್ನು ಕಡಿಯುತ್ತವೆ, ಮುಂದಿನ ಹಂಗಾಮಿಗೆ ಮುನ್ನ ಆ ತೂತುಗಳನ್ನು ಒಂದೊಂದಾಗಿ ಹುಡುಕಿ ಸರಿಪಡಿಸುವ ಕೆಲಸ ಮೈಮೇಲೆ ಬರುತ್ತದೆ.