ಆಗಸ್ಟಿನಲ್ಲಿ ಎಲ್ಲರೂ ಹೋದರು, ನಿಧಿ ಉಳಿದಳು

ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ನಿಧಿ ಅನ್ನೋಣ. ವಯಸ್ಸು 18. ಹಾಸನದ ಕಡೆಯ ಕುಟುಂಬ, ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ಒಂಬತ್ತು ವರ್ಷ. ಸಲಹೆ ಕೇಳಿ ಮೊದಲು ನನಗೆ ಫೋನ್ ಮಾಡಿದ್ದು ತಾಯಿ. "ಮೇಡಂ, ಮಗಳು ಮಧ್ಯಾಹ್ನದ ತನಕ ಏಳಲ್ಲ. ರಾತ್ರಿಯೆಲ್ಲ ಫೋನು. ಊಟಕ್ಕೆ ಕರೆದ್ರೆ ರೇಗ್ತಾಳೆ." ಆಮೇಲೆ ದನಿ ತಗ್ಗಿಸಿ, "ಕಾಲೇಜು ಶುರುವಾಗೋದು ಜನವರಿಗೆ. ಇನ್ನೂ ಯಾರಿಗೂ ಹೇಳಿಲ್ಲ" ಅಂದರು.

ತೊಂದರೆಯ ಬೇರು ಆ ಕೊನೆಯ ಮಾತಿನಲ್ಲೇ ಇತ್ತು. ನನಗೆ ಅದು ಹೊಳೆಯಲು ಎರಡು ಭೇಟಿ ಬೇಕಾಯಿತು.

ಅಮೆರಿಕದಲ್ಲಿ ಹೆಚ್ಚಿನ ಕಡೆ ಕಾಲೇಜಿನ ವರ್ಷ ಆಗಸ್ಟ್ ಕೊನೆಗೆ ಶುರು. ಅದು ಫಾಲ್ ಸೆಮಿಸ್ಟರ್, ಡಿಸೆಂಬರಿಗೆ ಮುಗಿಯುತ್ತದೆ. ಜನವರಿಯಲ್ಲಿ ಹಿಮ ಬೀಳುವಾಗ ಶುರುವಾಗುವುದಕ್ಕೆ ಸ್ಪ್ರಿಂಗ್ ಅಂತ ಹೆಸರು! ಕೆಲವು ಕಾಲೇಜುಗಳು ಒಂದಷ್ಟು ಮಕ್ಕಳಿಗೆ "ಸೀಟು ಇದೆ, ಆದರೆ ಸ್ಪ್ರಿಂಗಿಗೆ ಬನ್ನಿ" ಅನ್ನುತ್ತವೆ. ಡಿಸೆಂಬರಿನಲ್ಲಿ ಕೆಲವರು ಪದವಿ ಮುಗಿಸುತ್ತಾರೆ, ಕೆಲವರು ಒಂದು ಸೆಮಿಸ್ಟರ್ ಓದಲು ಬೇರೆ ದೇಶಕ್ಕೆ ಹೋಗುತ್ತಾರೆ. ಹಾಸ್ಟೆಲ್‌ ರೂಮು, ಕ್ಲಾಸಿನ ಜಾಗ ಖಾಲಿಯಾಗುತ್ತವೆ. ಅದನ್ನು ತುಂಬುವ ಲೆಕ್ಕ ಇದು. ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನಲ್ಲಿ ಹೀಗೆ ಫೆಬ್ರವರಿಗೆ ಸೇರುವವರನ್ನು "ಫೆಬ್" ಅನ್ನುತ್ತಾರೆ. ಪದವಿ ಪಡೆಯುವ ದಿನ ಅವರು ಗೌನು ಹಾಕಿಕೊಂಡು ಹಿಮದ ಗುಡ್ಡದಿಂದ ಸ್ಕೀ ಮಾಡಿಕೊಂಡು ಇಳಿಯುತ್ತಾರೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸ್ಪ್ರಿಂಗ್ ಮಕ್ಕಳಿಗಾಗಿಯೇ ಫಾಲ್‌ನಲ್ಲಿ ಬೇರೆ ತರಗತಿಗಳನ್ನು ನಡೆಸುತ್ತಾ ಬಂದಿದೆ. ನಿಧಿಗೆ ಸಿಕ್ಕ ಪೂರ್ವ ಕರಾವಳಿಯ ವಿಶ್ವವಿದ್ಯಾಲಯದಲ್ಲಿ ಅಂಥದ್ದೇನೂ ಇರಲಿಲ್ಲ. ಆಗಸ್ಟಿನಿಂದ ಜನವರಿ ತನಕ ನಿಮ್ಮ ಪಾಡು ನಿಮ್ಮದು, ಅಷ್ಟೇ.

ಮೊದಲ ಭೇಟಿಯಲ್ಲಿ ನಾನೇ ಎಡವಿದೆ. "ಹತ್ತಿರದ ಕಾಫಿ ಅಂಗಡಿಯಲ್ಲಿ ಕೆಲಸ ಮಾಡಬಹುದಲ್ಲ?" ಅಂದೆ. ನಿಧಿ ನಕ್ಕಳು. "ಆಂಟಿ, ನಾನು ಹೆಚ್-4." ತಂದೆಗೆ ಹೆಚ್-1ಬಿ, ಅಂದರೆ ಅಲ್ಲಿ ಕೆಲಸ ಮಾಡಲು ಕೊಡುವ ವೀಸಾ. ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಸರದಿಯಲ್ಲಿದ್ದಾರೆ. ಅಂಥವರ ಹೆಂಡತಿ ಮಕ್ಕಳಿಗೆ ಸಿಗುವುದು ಹೆಚ್-4. ಹೆಚ್-4 ಮೇಲಿರುವ ಮಕ್ಕಳು ಓದಬಹುದು, ದುಡಿಯುವ ಹಾಗಿಲ್ಲ. ನಮ್ಮವರ ಮನೆಗಳಲ್ಲಿ ಇದನ್ನು ಮೊದಲು ಕೇಳಬೇಕು, ನಾನು ಕೇಳಿರಲಿಲ್ಲ. ತಂದೆಯ ಗೆಳೆಯರೊಬ್ಬರು ತಮ್ಮ ಕಂಪನಿಯಲ್ಲಿ "ಸುಮ್ನೆ, ಸಂಬಳ ಇಲ್ಲದೆ" ಇಂಟರ್ನ್ ಆಗಲಿ ಅಂದಿದ್ದರಂತೆ. ಅದೂ ಬೇಡ ಅಂದೆ. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಪುಕ್ಕಟೆ ಮಾಡಿದರೂ ತೊಂದರೆಯಾಗಬಹುದು, ವಕೀಲರನ್ನು ಕೇಳದೆ ಒಪ್ಪಬೇಡಿ ಅಂದೆ.

ಅವಳ ಮನಸ್ಸಿನಲ್ಲಿದ್ದದ್ದು ಹಾಸನದ ಅಜ್ಜಿ ಮನೆ. ನಾಲ್ಕು ತಿಂಗಳು ಅಲ್ಲೇ ಇದ್ದು ಬರ್ತೀನಿ ಅಂತ ಹಟ. ಆದರೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಹೋದರೆ ವಾಪಸ್ ಬರಲು ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಇರುವ ಅಮೆರಿಕದ ಕಾನ್ಸುಲೇಟಿನಲ್ಲಿ ಹೊಸದಾಗಿ ಮುದ್ರೆ ಹಾಕಿಸಬೇಕು. ದಿನಾಂಕ ಸಿಗದಿದ್ದರೆ ಜನವರಿಯೂ ಕೈತಪ್ಪುತ್ತದೆ. ಇದನ್ನು ಹೇಳಿದಾಗ ಅವಳು ಅತ್ತಳು. ಕೆಲಸಕ್ಕೆ ಹೋಗುವ ಹಾಗಿಲ್ಲ, ಊರಿಗೂ ಹೋಗುವ ಹಾಗಿಲ್ಲ, ಗೆಳತಿಯರ ಹಾಸ್ಟೆಲ್ ಫೋಟೊ ನೋಡುತ್ತಾ ಕೂತಿರಬೇಕು. ಅಳು ಬರದೆ ಇನ್ನೇನು? ಆ ದಿನ ಯೋಜನೆ ಗೀಜನೆ ಏನೂ ಮಾತಾಡಲಿಲ್ಲ.

ಎರಡನೇ ಭೇಟಿಗೆ ತಂದೆಯೂ ಬಂದರು. ಅವರ ಯೋಜನೆ ಸಿದ್ಧವಾಗಿತ್ತು. ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಕಡಿಮೆ ಶುಲ್ಕದ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ, ಐದು ಕೋರ್ಸ್ ಮುಗಿಸಿಬಿಡುವುದು. "ಯುನಿಟ್‌ಗೆ 46 ಡಾಲರ್ ಅಷ್ಟೇ ಮೇಡಂ. ಒಂದು ಸೆಮಿಸ್ಟರಿನ ದುಡ್ಡು ಪೂರ್ತಿ ಉಳಿಯುತ್ತೆ." ಯುನಿಟ್ ಅಂದರೆ ಕೋರ್ಸಿನ ಹೊರೆ ಅಳೆಯುವ ಲೆಕ್ಕ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ದರ ಅಷ್ಟೇ, ಅದು ನಿಜ. ಆದರೆ ಒಂದು ಕಡೆ ಸೀಟು ಒಪ್ಪಿಕೊಂಡು ಇನ್ನೊಂದು ಕಡೆ ಪೂರ್ತಿ ಹೊರೆ ಓದಿದರೆ, ಕೆಲವು ವಿಶ್ವವಿದ್ಯಾಲಯಗಳು ಮಗುವನ್ನು ಹೊಸ ವಿದ್ಯಾರ್ಥಿ ಅಂತ ನೋಡುವುದಿಲ್ಲ, ಬೇರೆ ಕಾಲೇಜಿನಿಂದ ಬಂದವರು ಅಂದರೆ ಟ್ರಾನ್ಸ್‌ಫರ್ ಅನ್ನುತ್ತವೆ. ಆಗ ವಿದ್ಯಾರ್ಥಿವೇತನಕ್ಕೂ ಪೆಟ್ಟು ಬೀಳಬಹುದು.

ಹಾಗಾಗಿ ಮೊದಲ ಕೆಲಸ ಸೀಟು ಕೊಟ್ಟ ವಿಶ್ವವಿದ್ಯಾಲಯಕ್ಕೆ ಒಂದು ಇಮೇಲ್. ಅದನ್ನು ನಿಧಿಯೇ ಬರೆಯಬೇಕು, ಅಪ್ಪ ಅಲ್ಲ. ಎಷ್ಟು ಕೋರ್ಸ್ ತನಕ ತೊಂದರೆ ಇಲ್ಲ, ಯಾವ ಗ್ರೇಡ್ ಬಂದರೆ ಕ್ರೆಡಿಟ್ ಸಿಗುತ್ತದೆ (ಅಂದರೆ ಇಲ್ಲಿ ಓದಿದ್ದನ್ನು ಅಲ್ಲಿನ ಪದವಿಗೆ ಸೇರಿಸಿಕೊಳ್ಳುತ್ತಾರೆ), ಜನವರಿಗೆ ಹಾಸ್ಟೆಲ್ ರೂಮು ಖಚಿತವೇ, ಸ್ಪ್ರಿಂಗಿಗೆ ಬರುವ ಬೇರೆಯವರ ಜೊತೆ ರೂಮು ಕೊಡುತ್ತೀರಾ. ಫೋನಿನಲ್ಲಿ ಬೇಡ, ಉತ್ತರ ಬರಹದಲ್ಲಿ ಇರಲಿ ಅಂದೆ. ನಾಲ್ಕು ದಿನಕ್ಕೆ ಉತ್ತರ ಬಂತು: ಮೂರು ಕೋರ್ಸ್ ತನಕ ಸರಿ, ಸಿ ಗ್ರೇಡಿಗಿಂತ ಕಡಿಮೆ ಆಗಬಾರದು.

ಕಮ್ಯುನಿಟಿ ಕಾಲೇಜು ಆರಿಸುವಾಗ ಕ್ಯಾಲೆಂಡರ್ ನೋಡಿದೆವು. ಕುಪರ್ಟಿನೊದ ಡಿ ಆನ್ಸಾ ಕಾಲೇಜಿನಲ್ಲಿ ಸೆಮಿಸ್ಟರಿಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿ, ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಇನ್ನೊಂದು ತಿಂಗಳು ಮನೆಯಲ್ಲೇ ಬಿದ್ದಿರಬೇಕು. ಅಲ್ಲದೆ ಒಂದೂವರೆ ಕ್ವಾರ್ಟರ್ ಯುನಿಟ್ ಒಂದು ಸೆಮಿಸ್ಟರ್ ಯುನಿಟಿಗೆ ಸಮ. ಅಲ್ಲಿನ 5 ಯುನಿಟ್ ಅಂದರೆ ಸೆಮಿಸ್ಟರ್ ಲೆಕ್ಕದಲ್ಲಿ ಮೂರು ಚಿಲ್ಲರೆ. ಫ್ರೀಮಾಂಟಿನಲ್ಲೇ ಇರುವ ಓಲೋನಿ ಕಾಲೇಜಿನಲ್ಲಿ ಸೆಮಿಸ್ಟರ್ ಪದ್ಧತಿ, ಆಗಸ್ಟ್ ಕೊನೆಗೇ ಶುರು. ಅದೇ ಸರಿ ಹೋಯಿತು.

ಕೋರ್ಸ್ ಎರಡೇ ಸಾಕು ಅಂದೆ. ತಂದೆಗೆ ಇಷ್ಟವಾಗಲಿಲ್ಲ. ಕ್ಯಾಲ್ಕುಲಸ್ ಒಂದು. ಎಂಜಿನಿಯರಿಂಗಿನ ಸರಣಿ ಸಾಮಾನ್ಯವಾಗಿ ಫಾಲ್‌ನಲ್ಲಿ ಶುರುವಾಗುತ್ತದೆ. ಮೊದಲ ಕ್ಯಾಲ್ಕುಲಸ್ ಮುಗಿಸಿದ್ದರೆ ಜನವರಿಯಲ್ಲಿ ಎಲ್ಲರ ಜೊತೆ ಎರಡನೆಯದಕ್ಕೆ ಕೂರಬಹುದು, ಫಿಸಿಕ್ಸ್ ಕ್ಲಾಸಿನ ಬಾಗಿಲೂ ತೆರೆಯುತ್ತದೆ. ಇನ್ನೊಂದು ಇಂಗ್ಲಿಷ್ ಬರವಣಿಗೆ. ಪ್ರತಿ ಕೋರ್ಸಿನ ಸಿಲಬಸ್ ಇಳಿಸಿಕೊಂಡು ಜೋಪಾನ ಮಾಡು, ಬರೆದ ಪ್ರಬಂಧ ಯಾವುದನ್ನೂ ಎಸೆಯಬೇಡ ಅಂದಿದ್ದೆ.

ವಾರದಲ್ಲಿ ಎರಡು ಮಧ್ಯಾಹ್ನ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಹೋಂವರ್ಕ್ ಹೇಳಿಕೊಡುವ ಸ್ವಯಂಸೇವೆ. ಭಾನುವಾರ ಹಾಸನಕ್ಕೆ ವಿಡಿಯೊ ಕಾಲ್, ಅಜ್ಜಿಯಿಂದ ಒಂದು ಅಡುಗೆ ಕಲಿಯುವುದು. ಇದು ಅವಳದೇ ಯೋಚನೆ. ಫೋನು ರಾತ್ರಿ ಹಾಲ್‌ನಲ್ಲಿರಲಿ ಅಂದೆ, ಅದಕ್ಕೆ ಒಪ್ಪಲಿಲ್ಲ. ಬಿಟ್ಟೆ.

ಇಷ್ಟೆಲ್ಲ ಆದರೂ ಅವಳ ಮುಖ ಅರಳಿರಲಿಲ್ಲ. ಕಾರಣ ಗಣೇಶನ ಹಬ್ಬಕ್ಕೆ ಗೊತ್ತಾಯಿತು. ಕನ್ನಡ ಕೂಟದವರು ಪೂಜೆ ಇಟ್ಟುಕೊಂಡಿದ್ದರು. ತಾಯಿ ಹೇಳಿದರಂತೆ, "ನೀನು ಬರೋದು ಬೇಡ ಪುಟ್ಟಿ, ಎಲ್ಲರೂ ಕೇಳ್ತಾರೆ." ಕೆಲವರಿಗೆ ಆಗಲೇ "ಕಾಲೇಜಿಗೆ ಹೋದಳು" ಅಂದೂ ಆಗಿತ್ತು. ಅಂದರೆ ಫ್ರೀಮಾಂಟಿನಲ್ಲೇ ಇರುವ ಹುಡುಗಿ ಫ್ರೀಮಾಂಟಿನ ಅಂಗಡಿಗೂ ಹೋಗುವ ಹಾಗಿಲ್ಲ!

ತಾಯಿಯ ಜೊತೆ ಒಂದು ಗಂಟೆ ಬೇರೆಯಾಗಿ ಕೂತೆ. ಅವರಿಗೆ ಬೈಯುವ ಮನಸ್ಸಾಗಲಿಲ್ಲ. ನಮ್ಮಲ್ಲಿ ಮಕ್ಕಳ ಕಾಲೇಜಿನ ವಿಷಯ ಅಂದರೆ ಮನೆ ಮುಂದಿನ ರಂಗೋಲಿ ಇದ್ದ ಹಾಗೆ, ಎಲ್ಲರೂ ನೋಡಿ ಹೋಗುತ್ತಾರೆ. "ನೀವು ಮುಚ್ಚಿಟ್ಟಷ್ಟೂ ಅವಳಿಗೆ ತಾನು ಫೇಲಾದೆ ಅನ್ನಿಸುತ್ತೆ ಕಣ್ರೀ" ಅಂದೆ. ಕೇಳಿದವರಿಗೆ ಹೇಳಲು ಒಂದು ಸಾಲು ಬರೆದುಕೊಂಡೆವು: "ಅವಳಿಗೆ ಸೀಟು ಜನವರಿಯಿಂದ. ಅಲ್ಲಿವರೆಗೆ ಓಲೋನಿಯಲ್ಲಿ ಓದ್ತಿದ್ದಾಳೆ." ಅಷ್ಟು ಹೇಳಿ ಕೋಸಂಬರಿ ಬಡಿಸಲು ಎದ್ದುಬಿಡಿ ಅಂದೆ. ತಾಯಿ ಮೊದಲ ಸಲ ನಕ್ಕರು. ನಿಧಿ ಪೂಜೆಗೆ ಹೋದಳು. ಇಬ್ಬರು ಕೇಳಿದರಂತೆ. ಮೂರನೆಯವರು ತಮ್ಮ ಮಗನಿಗೂ ಹೀಗೇ ಆಗಿತ್ತು ಅಂದರಂತೆ.

ಜನವರಿಯಲ್ಲಿ ಹೊರಟಳು. ಮೊದಲ ಮೂರು ವಾರ ಕಷ್ಟವಾಯಿತು. ಊಟದ ಮೇಜುಗಳಲ್ಲಿ ಗುಂಪುಗಳು ಆಗಲೇ ಗಟ್ಟಿಯಾಗಿದ್ದವು. ದಿನಾ ರಾತ್ರಿ ಅಮ್ಮನಿಗೆ ಫೋನು. ರೂಮ್‌ಮೇಟ್ ಕೂಡ ಸ್ಪ್ರಿಂಗಿಗೆ ಬಂದವಳೇ ಆಗಿದ್ದರಿಂದ ಸ್ವಲ್ಪ ತಡೆದುಕೊಂಡಳು. ಕ್ಯಾಲ್ಕುಲಸ್ ಕ್ರೆಡಿಟ್ ಸೇರಿದೆ. ಇಂಗ್ಲಿಷಿನದು ಇನ್ನೂ ಇತ್ಯರ್ಥವಾಗಿಲ್ಲ. ಮೊನ್ನೆ ಸಿಲಬಸ್ಸು, ತಾನು ಬರೆದ ನಾಲ್ಕು ಪ್ರಬಂಧ ಹಿಡಿದುಕೊಂಡು ಎರಡನೇ ಸಲ ವಿಶ್ವವಿದ್ಯಾಲಯದ ಆಫೀಸಿಗೆ ಹೋಗಿದ್ದಾಳೆ.