ಟ್ಯೂಬ್‌ಲೆಸ್ ಸೈಕಲ್ ಟೈರಿಗೆ ಜಾಲಿ ಮುಳ್ಳು ಚುಚ್ಚಿದರೆ ಏನು ಮಾಡಬೇಕು?

ಪ್ರಶ್ನೆ: ಸರ್, ಜನವರಿಯಲ್ಲಿ ಮಣ್ಣು, ಜಲ್ಲಿ ದಾರಿಯಲ್ಲೂ ಓಡುವ ನನ್ನ ಗ್ರಾವೆಲ್ ಸೈಕಲ್ಲಿಗೆ (700×40, ಅಂದರೆ 40 ಮಿ.ಮೀ. ಅಗಲದ ಟೈರ್) ಟ್ಯೂಬ್‌ಲೆಸ್ ಮಾಡಿಸಿದೆ. ಪಂಕ್ಚರ್ ಆದರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಅಂದಿದ್ದರು. ಮೇ ತಿಂಗಳಲ್ಲಿ ಹೊಲದ ದಾರಿಯಲ್ಲಿ ಬಳ್ಳಾರಿ ಜಾಲಿ ಮುಳ್ಳು ಚುಚ್ಚಿತು. ಕಿತ್ತ ಕೂಡಲೇ ಗಾಳಿಯೆಲ್ಲ ಹೋಯಿತು. ಬೈಕ್ ಪಂಕ್ಚರ್ ಅಂಗಡಿಯಲ್ಲಿ ದಪ್ಪ ರಬ್ಬರ್ ಹುರಿ ತುರುಕಿಕೊಟ್ಟರು. ಎರಡೇ ದಿನಕ್ಕೆ ಅದೂ ಕಿತ್ತು ಬಂತು. ವಾಪಸ್ ಟ್ಯೂಬ್ ಹಾಕಿಸಿಬಿಡಲಾ?
– ಓದುಗರು, ಬಾಗಲಕೋಟೆ

ಉತ್ತರ: ಬೇಡ, ಅವಸರ ಮಾಡಬೇಡಿ. ಜಾಲಿ, ನೆಗ್ಗಿನಮುಳ್ಳು ಇರುವ ನಿಮ್ಮ ಕಡೆಯ ದಾರಿಗಳಿಗೆ ಟ್ಯೂಬ್‌ಲೆಸ್ಸೇ ಸರಿ. ಜನವರಿಯಲ್ಲಿ ಹಾಕಿಸಿದ ಸೀಲೆಂಟ್ ಮೇ ಹೊತ್ತಿಗೆ ಒಣಗಿಹೋಗಿತ್ತು ಅನಿಸುತ್ತದೆ.

ಸೀಲೆಂಟ್ ಅಂದರೆ ಹೆಚ್ಚಾಗಿ ರಬ್ಬರ್ ಹಾಲು, ಅದರಲ್ಲಿ ಬೆರೆಸಿದ ಸಣ್ಣ ಸಣ್ಣ ಕಣಗಳು. ತೂತಿನಿಂದ ಗಾಳಿ ನುಗ್ಗುವಾಗ ಈ ಹಾಲನ್ನೂ ಎಳೆದು ತರುತ್ತದೆ. ಕಣಗಳು ತೂತಿಗೆ ಅಡ್ಡ ಸಿಕ್ಕಿಕೊಳ್ಳುತ್ತವೆ, ಹಾಲು ಅಲ್ಲೇ ಹೆಪ್ಪುಗಟ್ಟುತ್ತದೆ. ಹಾಲು ದ್ರವವಾಗಿ ಇದ್ದರೆ ಮಾತ್ರ ಇದು ನಡೆಯುತ್ತದೆ. ಅದರಲ್ಲಿನ ನೀರಿನಂಶ ದಿನವೂ ಸ್ವಲ್ಪ ಸ್ವಲ್ಪ ಆರುತ್ತಲೇ ಇರುತ್ತದೆ. ಬಿಸಿಲಿನ ಊರಲ್ಲಿ ಇನ್ನೂ ಬೇಗ. ಅದಕ್ಕೇ ಎರಡು ತಿಂಗಳಿಗೊಮ್ಮೆ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ನೋಡುವುದು ಸುಲಭ. ವಾಲ್ವ್ ಕೆಳಗೆ ಬರುವಂತೆ ಚಕ್ರ ತಿರುಗಿಸಿ, ಸೈಕಲ್ಲಿನ ಭಾರ ಟೈರ್ ಮೇಲೆ ಬೀಳದಂತೆ ಎತ್ತಿಡಿ. ಗಾಳಿ ಪೂರ್ತಿ ಬಿಟ್ಟು ವಾಲ್ವಿನ ಒಳಗಿನ ಪಿನ್ ಬಿಚ್ಚಿ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಟೈರಿನ ತಳ ಮುಟ್ಟುವವರೆಗೆ ಇಳಿಸಿ ತೆಗೆಯಿರಿ. ತುದಿ ಒದ್ದೆಯಾಗಿದ್ದರೆ ಸರಿ. ಒಣಗಿದ್ದರೆ ಅದೇ ದಾರಿಯಲ್ಲಿ ಸೀಲೆಂಟ್ ಹಾಕಿ. ನಿಮ್ಮ ಅಳತೆಯ ಟೈರಿಗೆ ಹೊಸದಾಗಿ ಹಾಕುವಾಗ 60 ಮಿ.ಲೀ. ಬೇಕು, ಆಮೇಲೆ ಆಗಾಗ 30 ಮಿ.ಲೀ. ಸೇರಿಸಿದರೆ ಸಾಕು. ಹಾಕುವ ಮುಂಚೆ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಕಣಗಳೆಲ್ಲ ತಳದಲ್ಲಿ ಕೂತಿರುತ್ತವೆ.

ಇನ್ನು ದಾರಿಯಲ್ಲಿ ಮುಳ್ಳು ಚುಚ್ಚಿದಾಗ. ಗಾಬರಿಯಲ್ಲಿ ಕಿತ್ತುಹಾಕಬೇಡಿ. ಮೊದಲು ಪ್ಲಗ್ (ತೂತಿಗೆ ತುರುಕುವ ರಬ್ಬರ್ ಹುರಿ) ಮತ್ತು ಪಂಪ್ ಹೊರಗೆ ತೆಗೆದಿಟ್ಟುಕೊಳ್ಳಿ. ಆಮೇಲೆ ಮುಳ್ಳು ಕಿತ್ತು, ತೂತು ನೆಲದ ಕಡೆ ಬರುವಂತೆ ಚಕ್ರ ತಿರುಗಿಸಿ ಒಂದು ನಿಮಿಷ ಹಾಗೇ ಹಿಡಿಯಿರಿ. ಸೀಲೆಂಟೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಹೆಚ್ಚಿನ ಮುಳ್ಳಿನ ತೂತುಗಳು ಇಷ್ಟಕ್ಕೇ ಮುಚ್ಚುತ್ತವೆ. ಬುಸ್ ಅನ್ನುವುದು ನಿಲ್ಲದಿದ್ದರೆ ತಡಮಾಡದೆ ಪ್ಲಗ್ ಹಾಕಿ. ಟೈರಲ್ಲಿ ಗಾಳಿ ಇರುವಾಗಲೇ ಅದನ್ನು ಚುಚ್ಚುವುದು ಸುಲಭ. ಒಂದು ಸೆಂಟಿಮೀಟರ್‌ನಷ್ಟು ಬಾಲ ಹೊರಗೆ ಉಳಿಯಲಿ, ಕತ್ತರಿಸಬೇಡಿ. ಓಡುತ್ತಾ ಓಡುತ್ತಾ ಅದೇ ಸವೆಯುತ್ತದೆ.

ಪ್ಲಗ್ ಸೈಕಲ್ಲಿನದೇ ಆಗಿರಬೇಕು. ನಿಮಗೆ ಏಟು ಬಿದ್ದದ್ದು ಇಲ್ಲೇ. ಬೈಕ್ ಟೈರ್ ದಪ್ಪ, ದಪ್ಪ ಹುರಿಯನ್ನು ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೈಕಲ್ ಟೈರ್ ತೆಳು. ಬೈಕಿಗೆ ಬಳಸುವ ಒರಟು ಸೂಜಿ ಒಳಗಿನ ನೂಲನ್ನೇ ಹರಿದು ಹಾಕುತ್ತದೆ, ಸಣ್ಣ ತೂತು ದೊಡ್ಡದಾಗುತ್ತದೆ. ಸೈಕಲ್ ಪ್ಲಗ್‌ಗಳು ಸುಮಾರು 1.5 ಮತ್ತು 3.5 ಮಿ.ಮೀ. ದಪ್ಪದಲ್ಲಿ ಸಿಗುತ್ತವೆ, ಎರಡೂ ಜೇಬಲ್ಲಿರಲಿ.

ಈಗಿನ ತೂತಿಗೆ ಒಳಗಿನಿಂದ ಪ್ಯಾಚ್ ಹಾಕಿಸಿ ನೋಡಿ. ಅದೇ ಅಂಗಡಿಯವರೇ ಮಾಡಿಕೊಡಬಲ್ಲರು. ಟೈರ್ ಬಿಚ್ಚಿ, ಅಂಟಿದ ಸೀಲೆಂಟ್ ಪೂರ್ತಿ ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಟ್ಯೂಬಿಗೆ ಹಾಕುವ ಪ್ಯಾಚನ್ನೇ ಕೂರಿಸಬೇಕು. ಆದರೆ ಗಾಳಿ ತುಂಬಿದಾಗ ಆ ಜಾಗ ಉಬ್ಬಿ ಬಂದರೆ ನೂಲು ಹರಿದಿದೆ ಅಂತ ಅರ್ಥ. ಆಗ ಟೈರ್ ಬದಲಿಸಿ, ದುಡ್ಡಿನ ಮುಖ ನೋಡಬೇಡಿ.

ಇಷ್ಟಾದರೂ ಚೀಲದಲ್ಲಿ ಒಂದು ಟ್ಯೂಬ್ ಇರಲೇಬೇಕು. ಟೈರಿನ ಪಕ್ಕ ಸೀಳಿದರೆ ಪ್ಲಗ್ ನಿಲ್ಲುವುದು ಕಡಿಮೆ. ಸೀಳಿನ ಒಳಗಡೆ ಹಳೇ ಟೈರಿನ ತುಂಡು ಇಟ್ಟು ಟ್ಯೂಬ್ ಹಾಕಬೇಕು. ಅದಕ್ಕೂ ಮೊದಲು ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಬೇಕು, ಆದ್ದರಿಂದ ಮನೆಯಲ್ಲಿ ಅದರ ನಟ್ಟನ್ನು ಇಕ್ಕಳದಿಂದ ಬಿಗಿಯಬೇಡಿ, ಬೆರಳಿಂದ ಸಾಕು. ಇನ್ನೊಂದು ಮಾತು ಮರೆಯಬೇಡಿ: ಟೈರಿನ ಒಳಗಡೆ ಬಟ್ಟೆಯಿಂದ ಒಂದು ಸುತ್ತು ಸವರಿ ನೋಡಿ. ಸೀಲೆಂಟ್ ಮುಚ್ಚಿಟ್ಟಿದ್ದ ಮುಳ್ಳುಗಳು, ನಿಮಗೆ ಗೊತ್ತೇ ಆಗದೆ ಚುಚ್ಚಿಕೊಂಡಿದ್ದವು, ಅಲ್ಲೇ ಇರುತ್ತವೆ. ಒಂದು ಉಳಿದರೂ ಹೊಸ ಟ್ಯೂಬ್ ಹತ್ತು ಮೀಟರ್ ದಾಟುವುದಿಲ್ಲ.

ಪ್ರಶ್ನೆ: ಬೈಕ್ ಟ್ಯೂಬಿಗೆ ಹಾಕುವ ಪಂಕ್ಚರ್ ದ್ರವ ಅಗ್ಗಕ್ಕೆ ಸಿಗುತ್ತದೆ. ಸೈಕಲ್ ಟ್ಯೂಬ್‌ಲೆಸ್ಸಿಗೆ ಅದನ್ನೇ ಹಾಕಬಹುದಾ?
– ಓದುಗರು, ಹಾಸನ

ಉತ್ತರ: ಬೇಡ. ಅಂಥ ದ್ರವ ಹೆಚ್ಚಾಗಿ ಗಟ್ಟಿ, ನಾರು ಬೆರೆಸಿದ್ದು. ಸೈಕಲ್ಲಿನ ಸಣ್ಣ ವಾಲ್ವ್ ಕಟ್ಟಿಕೊಳ್ಳುತ್ತದೆ. ರಬ್ಬರ್ ಹಾಲಿನಂತೆ ಅದು ಹೆಪ್ಪುಗಟ್ಟುವುದಿಲ್ಲ, ರಿಮ್ಮಿಗೂ ಟೈರಿಗೂ ನಡುವಿನ ಸಂದನ್ನು ಮುಚ್ಚುವುದೂ ಇಲ್ಲ. ಟ್ಯೂಬ್‌ಲೆಸ್ ಸೈಕಲ್ಲಿಗೆ ಅಂತಲೇ ಮಾಡಿದ್ದನ್ನು ತನ್ನಿ. ದೊಡ್ಡ ಬಾಟಲಿ ತಂದು ಇಬ್ಬರು ಮೂವರು ಗೆಳೆಯರು ಹಂಚಿಕೊಂಡರೆ ಖರ್ಚು ಕಡಿಮೆಯಾಗುತ್ತದೆ.