ಬೇಲಿ ಹಾರಿ ಒಳಗೆ ಹೋದವರು: ಕೊರಿಯಾದ ಡೆಮಾಕ್ರಟಿಕ್ ಪಾರ್ಟಿ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ದಕ್ಷಿಣ ಕೊರಿಯಾದಲ್ಲಿ ಎಂಪಿಗಳು ರಾತ್ರಿ ಹೊತ್ತಲ್ಲಿ ಪಾರ್ಲಿಮೆಂಟ್ ಬೇಲಿ ಹಾರ್ತಿರೋ ವಿಡಿಯೋ ನೋಡ್ದೆ. ಅವರದ್ದೇ ಸಂಸತ್ತು, ಗೇಟಲ್ಲಿ ಹೋಗ್ಬಹುದಿತ್ತಲ್ವಾ, ಅಷ್ಟು ಅರ್ಜೆಂಟ್ ಏನಿತ್ತು?
(ಓದುಗರು, ದಾವಣಗೆರೆ)

ಉತ್ತರ: ಗೇಟಲ್ಲಿ ಪೊಲೀಸರು ಅಡ್ಡ ನಿಂತಿದ್ರು. 2024ರ ಡಿಸೆಂಬರ್ 3, ರಾತ್ರಿ ಹತ್ತೂವರೆ ಹತ್ರ, ಆಗಿನ ಅಧ್ಯಕ್ಷ ಯೂನ್ ಸುಕ್-ಯೋಲ್ ಟಿವಿಲಿ ಬಂದು ದೇಶದಲ್ಲಿ ಮಾರ್ಷಲ್ ಲಾ, ಅಂದ್ರೆ ಸೈನ್ಯದ ಆಡಳಿತ, ಅಂತ ಘೋಷಣೆ ಮಾಡಿಬಿಟ್ರು. ಅರ್ಜೆಂಟ್ ಯಾಕೆ ಅಂದ್ರೆ ಅಲ್ಲಿನ ಸಂವಿಧಾನದ 77ನೇ ವಿಧಿಲಿ ಒಂದು ಮಾತಿದೆ, ಸಂಸತ್ತಿನ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದನ್ನ ತೆಗೀರಿ ಅಂತ ವೋಟ್ ಹಾಕಿದ್ರೆ ಅಧ್ಯಕ್ಷರು ತೆಗೀಲೇಬೇಕು. ಒಟ್ಟು 300 ಸೀಟು, ಅಂದ್ರೆ ಸೈನಿಕರು ಬರೋಕ್ಕಿಂತ ಮುಂಚೆ 151 ಎಂಪಿಗಳು ಹಾಲ್ ಒಳಗೆ ಇರಬೇಕು, ಮನೇಲಿ ಕೂತು ಫೋನಲ್ಲಿ ಸಪೋರ್ಟ್ ಹೇಳಿದ್ರೆ ಲೆಕ್ಕಕ್ಕೆ ಬರಲ್ಲ.

ಆಗ ವಿರೋಧ ಪಕ್ಷವಾಗಿದ್ದ ಡೆಮಾಕ್ರಟಿಕ್ ಪಾರ್ಟಿಯ ನಾಯಕ ಲೀ ಜೇ-ಮ್ಯುಂಗ್ ಆ ಹೊತ್ತಲ್ಲಿ ಇಂಚಿಯಾನ್‌ನ ಮನೇಲಿದ್ರು. ಹೆಂಡತಿ ಮೊಬೈಲ್ ತೋರಿಸಿದಾಗ ಇದು ಡೀಪ್‌ಫೇಕ್ ಇರ್ಬೇಕು ಅಂದ್ಕೊಂಡ್ರಂತೆ, ಆಮೇಲೆ ನಿಜ ಅಂತ ಗೊತ್ತಾದ ಮೇಲೆ ಹೆಂಡತಿ ಕಾರ್ ಓಡಿಸ್ತಿದ್ರೆ ಇವರು ಪಕ್ಕದಲ್ಲಿ ಕೂತು ಲೈವ್ ಹೋಗಿ ಜನರೇ ಸಂಸತ್ತಿನ ಹತ್ರ ಬನ್ನಿ ಅಂತ ಕರೀತಾ ಬಂದ್ರು, ಜನ ಆ ಚಳೀಲಿ ನಿಜವಾಗ್ಲೂ ಬಂದ್ರು. ಸ್ಪೀಕರ್ ವೂ ವೊನ್-ಶಿಕ್ ಇದೇ ಪಕ್ಷದಿಂದ ಬಂದವರು, 67 ವರ್ಷ, ಅವರೂ ಬೇಲಿ ಹತ್ತಿ ಇಳಿದ್ರು. ಒಳಗೆ ಆಫೀಸ್ ಸಿಬ್ಬಂದಿ, ಸಹಾಯಕರು ಎಲ್ಲ ಸೇರಿ ಸೋಫಾ, ಮೇಜು, ಕುರ್ಚಿ ಏನು ಸಿಕ್ತೋ ಅದನ್ನ ಬಾಗಿಲಿಗೆ ಒಟ್ಟಿದ್ರು, ಕಿಟಕಿ ಗಾಜು ಒಡೆದು ನುಗ್ಗಿದ ಸೈನಿಕರ ಮೇಲೆ ಬೆಂಕಿ ಆರಿಸೋ ಸಿಲಿಂಡರ್‌ನ ಪುಡಿ ಹೊಡೆದ್ರು. ಅಷ್ಟೆಲ್ಲ ನಡೀತಿದ್ರೂ ಸ್ಪೀಕರ್ ಮಾತ್ರ ರೂಲ್ಸ್ ಪ್ರಕಾರವೇ ಹೋಗೋಣ ಅಂತ ಕಾದ್ರು, ನಾಳೆ ಯಾರೂ ಈ ವೋಟ್ ಸರಿ ಇಲ್ಲ ಅನ್ನಬಾರದು ಅಂತ. ಆ ರಾತ್ರಿಲಿ ನನಗೆ ತುಂಬಾ ದೊಡ್ಡದು ಅನ್ಸೋದು ಈ ಕಾಯೋದೇ. ಒಂದು ಗಂಟೆ ಸುಮಾರಿಗೆ 190-0. ಇದರಲ್ಲಿ 18 ಜನ ಯೂನ್ ಅವರದ್ದೇ ಪಕ್ಷದವರು, ಅವರನ್ನ ಮರೀಬಾರ್ದು. ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಮಾರ್ಷಲ್ ಲಾ ವಾಪಸ್.

ಪ್ರಶ್ನೆ: ಈ ಪಕ್ಷ ಹುಟ್ಟಿದ್ದೇ 2014ರಲ್ಲಿ ಅಂತ ಓದ್ದೆ, ಇನ್ನೊಂದು ಕಡೆ ಎಪ್ಪತ್ತರ ದಶಕದ ಹೋರಾಟ ಅಂತಾರೆ. ಯಾವುದು ಸರಿ?
(ಓದುಗರು, ಶಿರಸಿ)

ಉತ್ತರ: ಎರಡೂ ಸರಿ. ಕಾಗದದ ಮೇಲೆ 2014. ಈಗಿನ ಹೆಸರು ದೊಬುರೊ ಮಿಂಜುದಾಂಗ್, ದೊಬುರೊ ಅಂದ್ರೆ ಜೊತೆಗೂಡಿ ಅಂತ, ಅದು ಬಂದಿದ್ದು 2015ರ ಕೊನೇಲಿ. ಕೊರಿಯಾದಲ್ಲಿ ಪಕ್ಷಗಳು ಒಡೀತಾ ಕೂಡ್ತಾ ಬೋರ್ಡ್ ಬದಲಾಯಿಸ್ತಾನೇ ಇರ್ತವೆ, ಆದ್ರೆ ಮನೆತನ ಹಳೇದು, ಸರ್ವಾಧಿಕಾರದ ವಿರುದ್ಧ ಹೋರಾಡಿ ಮುಂದೆ ಅಧ್ಯಕ್ಷರಾದ ಕಿಮ್ ಡೇ-ಜಂಗ್ ಅವರ ಕಾಲದ್ದು. ಅವರನ್ನ 1973ರಲ್ಲಿ ಟೋಕಿಯೋದ ಹೋಟೆಲಿಂದ ಕೊರಿಯಾದ ಗೂಢಚಾರರು ಎತ್ಕೊಂಡು ಹೋಗಿದ್ರು, 1980ರಲ್ಲಿ ಮಿಲಿಟರಿ ಕೋರ್ಟ್ ಗಲ್ಲು ಶಿಕ್ಷೆ ಕೊಟ್ಟಿತ್ತು. ಅದೇ ವರ್ಷ ಮೇನಲ್ಲಿ ಗ್ವಾಂಗ್ಜು ಊರಲ್ಲಿ ಸೈನ್ಯ ಸ್ವಂತ ಜನರ ಮೇಲೆ ಗುಂಡು ಹಾರಿಸಿತ್ತು, ಅದೂ ಮಾರ್ಷಲ್ ಲಾ ಹೆಸರಲ್ಲೇ. ಆ ನೈಋತ್ಯ ಭಾಗಕ್ಕೆ ಹೊನಾಮ್ ಅಂತಾರೆ, ಇವತ್ತಿಗೂ ಪಕ್ಷದ ತವರುಮನೆ. 2025ರಲ್ಲಿ ಅಲ್ಲಿ ಲೀ ಅವರಿಗೆ ನೂರಕ್ಕೆ 80ಕ್ಕಿಂತ ಹೆಚ್ಚು ವೋಟ್ ಬಿತ್ತು. ಡಿಸೆಂಬರ್ 3ರ ರಾತ್ರಿ ವಯಸ್ಸಾದವರು ಯಾಕೆ ಮನೆ ಬಿಟ್ಟು ಓಡಿ ಬಂದ್ರು ಅಂತ ಕೇಳಿದ್ರೆ ಉತ್ತರ ಗ್ವಾಂಗ್ಜುವಿನಲ್ಲಿದೆ.

ಇನ್ನೊಂದು, ಕಿಮ್ ಅವರನ್ನ ಗಲ್ಲಿಗೆ ಹಾಕೋಕೆ ಹೊರಟಿದ್ದ ಸರ್ವಾಧಿಕಾರಿ ಚುನ್ ಡೂ-ಹ್ವಾನ್ ಜೈಲಲ್ಲಿದ್ದಾಗ, 1997ರ ಎಲೆಕ್ಷನ್ ಗೆದ್ದ ಕಿಮ್ ಅವರೇ ಆತನ ಬಿಡುಗಡೆಗೆ ಒಪ್ಪಿದ್ರು. ಎಲ್ರಿಗೂ ಇದು ಇಷ್ಟ ಆಗಿರ್ಲಿಲ್ಲ, ಗ್ವಾಂಗ್ಜುವಿನ ತಾಯಂದಿರ ಬಗ್ಗೆ ಯೋಚಿಸಿದ್ರೆ ನನಗೂ ಪೂರ್ತಿ ಒಪ್ಕೊಳ್ಳೋಕೆ ಆಗಲ್ಲ. 2000ದಲ್ಲಿ ಪ್ಯೋಂಗ್ಯಾಂಗ್‌ಗೆ ಹೋಗಿ ಉತ್ತರ ಕೊರಿಯಾದ ನಾಯಕನ ಕೈ ಕುಲುಕಿದ್ರು, ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ.

ಪ್ರಶ್ನೆ: ಎಡಪಂಥದ ಪಕ್ಷವಾ?
(ಓದುಗರು, ಕಲಬುರಗಿ)

ಉತ್ತರ: ಅಲ್ಲ. ಲೀ ಅವರೇ 2025ರ ಫೆಬ್ರವರಿಲಿ ನಾವು ನಡು-ಸಂಪ್ರದಾಯವಾದಿ ಪಕ್ಷ ಅಂದ್ರು, ಪಕ್ಷದೊಳಗೇ ಅದಕ್ಕೆ ಗಲಾಟೆ ಆಯ್ತು. ಕನಿಷ್ಠ ಕೂಲಿ, ವೆಲ್ಫೇರ್, ಉತ್ತರ ಕೊರಿಯಾ ಜೊತೆ ಮಾತುಕತೆ ಇವೆಲ್ಲ ಇದೆ, ಹಾಗೇ ಅಮೆರಿಕದ ಮೈತ್ರಿನೂ ಬಿಟ್ಟಿಲ್ಲ. ತಾರತಮ್ಯ ತಡೆಯೋ ಕಾನೂನು ಮಾತ್ರ 2007ರಿಂದ ಹಾಗೇ ಬಿದ್ದಿದೆ, ದೊಡ್ಡ ಚರ್ಚುಗಳಿಗೆ ಹೆದರಿ ಬಹುಮತ ಇದ್ದಾಗ್ಲೂ ಮುಟ್ಟಲಿಲ್ಲ, ಇದು ನನಗೆ ಬಹಳ ಬೇಜಾರಿನ ವಿಷಯ.

ಪ್ರಶ್ನೆ: ಈಗ ಅಧ್ಯಕ್ಷರೂ ಅವರೇ, ಸಂಸತ್ತೂ ಅವರದ್ದೇ. ನೀವು ಹೊಗಳ್ತಾ ಇದ್ದೀರಿ, ಭಯ ಆಗಲ್ವಾ?
(ಓದುಗರು, ಮೈಸೂರು)

ಉತ್ತರ: ಆಗುತ್ತೆ. 2025ರ ಏಪ್ರಿಲ್ 4ಕ್ಕೆ ಸಂವಿಧಾನ ಕೋರ್ಟಿನ ಎಂಟೂ ಜಡ್ಜ್‌ಗಳು ಒಮ್ಮತದಿಂದ ಯೂನ್ ಅವರನ್ನ ಕೆಳಗಿಳಿಸಿದ್ರು, ಜೂನ್ 3ಕ್ಕೆ ಲೀ ಗೆದ್ರು, ಆದ್ರೆ ಅವರಿಗೆ ಬಂದಿದ್ದು ನೂರಕ್ಕೆ 49.42. ಅರ್ಧ ದೇಶ ಅವರಿಗೆ ವೋಟ್ ಹಾಕಿಲ್ಲ ಅಂತಾಯ್ತಲ್ಲ.

ಹಿಂದೆ ಒಂದ್ಸಲ ಇದೇ ಥರ ಎಲ್ಲ ಕೈಗೆ ಸಿಕ್ಕಿತ್ತು, ಮೂನ್ ಜೇ-ಇನ್ ಅಧ್ಯಕ್ಷರಾಗಿದ್ದಾಗ 2020ರ ಎಲೆಕ್ಷನ್ನಲ್ಲಿ ಮಿತ್ರಪಕ್ಷ ಸೇರಿ 180 ಸೀಟು. ಸಿಯೋಲಲ್ಲಿ ಮನೆ ರೇಟು ಏರ್ತಾನೇ ಹೋಯ್ತು, ಯುವಕರು ನಮ್ಮ ಸಂಬಳದಲ್ಲಿ ಜನ್ಮದಲ್ಲಿ ಮನೆ ಆಗಲ್ಲ ಅಂತ ಕೈ ಚೆಲ್ಲಿ ಕೂತ್ರು. ಅದಕ್ಕಿಂತ ನನಗೆ ನೋವಾದ ವಿಷಯ ಬೇರೆ ಇದೆ. ಆ ವರ್ಷ ಪಕ್ಷದ ಇಬ್ಬರು ಮೇಯರ್‌ಗಳ ಮೇಲೆ ಮಹಿಳಾ ಸಿಬ್ಬಂದಿಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪ ಬಂತು, ಬುಸಾನ್ ಮೇಯರ್ ಒಪ್ಕೊಂಡು ರಾಜೀನಾಮೆ ಕೊಟ್ರು, ಸಿಯೋಲ್ ಮೇಯರ್ ಜೀವ ಕಳ್ಕೊಂಡ್ರು, ಎರಡೂ ಕಡೆ ಉಪಚುನಾವಣೆ. ನಮ್ಮವರ ದೊಡ್ಡ ತಪ್ಪಿಂದ ಖಾಲಿಯಾದ ಸೀಟಿಗೆ ನಾವು ಅಭ್ಯರ್ಥಿ ಹಾಕಲ್ಲ ಅಂತ ಪಕ್ಷದ ನಿಯಮಾವಳಿಲೇ ಬರೆದಿತ್ತು, ಮೂನ್ ಪಕ್ಷದ ನಾಯಕರಾಗಿದ್ದಾಗ ತಂದ ರೂಲ್ ಅದು. 2020ರ ನವೆಂಬರಲ್ಲಿ ಸದಸ್ಯರ ವೋಟ್ ಹಾಕಿಸಿ ಆ ರೂಲನ್ನೇ ತಿದ್ದಿ ಎರಡೂ ಕಡೆ ಅಭ್ಯರ್ಥಿ ನಿಲ್ಲಿಸಿದ್ರು. 2021ರ ಏಪ್ರಿಲಲ್ಲಿ ಎರಡೂ ಕಡೆ ಸೋತ್ರು, ಅದರ ಮುಂದಿನ ವರ್ಷ ಅಧ್ಯಕ್ಷ ಚುನಾವಣೆ, ಲೀ ಅವರು ಸೋತಿದ್ದು ನೂರಕ್ಕೆ 0.73ರಷ್ಟು ವೋಟಲ್ಲಿ, ಗೆದ್ದವರು ಯೂನ್ ಸುಕ್-ಯೋಲ್.